ಕೊರೋನ ಬಂದು ಐದು ವರ್ಷ: ನಮ್ಮ ಮನೆಗಳ ಲೆಕ್ಕ ಇನ್ನೂ ಮುಗಿದಿಲ್ಲ

2025ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂಗೆ ಐದು ವರ್ಷ ತುಂಬಿತು. 2020ರ ಆ ಭಾನುವಾರ ಮುಂಡಾಜೆಯ ಸೋಮಂತಡ್ಕದಲ್ಲಿ ಒಂದು ಅಂಗಡಿಯೂ ಬಾಗಿಲು ತೆರೆದಿರಲಿಲ್ಲ. ಚಾರ್ಮಾಡಿ ಘಾಟಿಯಿಂದ ಇಳಿದು ಬರುವ ತರಕಾರಿ ಲಾರಿ ಇಲ್ಲ, ಧರ್ಮಸ್ಥಳಕ್ಕೆ ಹೋಗುವ ಬಸ್ಸಿಲ್ಲ, ಉಜಿರೆಯ ಕಾಲೇಜು ಮಕ್ಕಳಿಲ್ಲ. ಒಂದೇ ದಿನದ ಮಾತಲ್ಲವಾ ಎಂದು ನಾವೆಲ್ಲ ಮನೆಯೊಳಗೆ ಕೂತೆವು. ಮಂಗಳೂರಿನ ಮೊದಲ ಪ್ರಕರಣ ದೃಢಪಟ್ಟದ್ದೂ ಅದೇ ದಿನ, ದುಬೈಯಿಂದ ಬಂದ ಭಟ್ಕಳದ ಒಬ್ಬ ಯುವಕನಲ್ಲಿ. ಎರಡು ದಿನ ಕಳೆದು ಮಾರ್ಚ್ 24ರ ರಾತ್ರಿ ಇಡೀ ದೇಶಕ್ಕೆ ಬೀಗ ಬಿತ್ತು.

ಆ ವರ್ಷದ ರಮಝಾನ್ ಪೂರ್ತಿ ಮಸೀದಿ ಮುಚ್ಚಿತ್ತು. ತರಾವೀಹ್ ಮನೆಯಲ್ಲಿ, ಪೆರ್ನಾಳ್ ನಮಾಝ್ ಮನೆಯಲ್ಲಿ. ಮಸೀದಿ ತೆರೆದದ್ದು ಜೂನ್ 8ರ ನಂತರ. ಈ ರಮಝಾನ್‌ನಲ್ಲಿ ಸ್ವಫ್ಫುಗಳು ತುಂಬಿ ಹೊರಗಿನ ಜಗಲಿಯವರೆಗೆ ಬರುತ್ತಿವೆ. ಇದನ್ನು ನೋಡುವಾಗ ಎಲ್ಲ ಮುಗಿದು ಹೋಯಿತು ಎಂದೇ ಅನಿಸುತ್ತದೆ. ಆದರೆ ಮದ್ರಸದ ಹಾಜರಿ ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಮನೆ ಮನೆಯ ಕಥೆ ಗೊತ್ತಿರುವ ನನ್ನಂಥವನಿಗೆ ಹಾಗೆ ಅನಿಸುವುದಿಲ್ಲ. ರೋಗ ಹೋಗಿದೆ. ಅದು ಬಿಟ್ಟು ಹೋದ ಸಾಲ, ಬಿಟ್ಟುಹೋದ ಕೆಲಸ, ಅರ್ಧಕ್ಕೆ ನಿಂತ ಓದು, ನೆರೆಹೊರೆಯ ಮಧ್ಯೆ ಬಿದ್ದ ಬಿರುಕು, ಇವೆಲ್ಲ ಇಲ್ಲಿಯೇ ಉಂಟು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಈ ಮೂರು ತಾಲೂಕುಗಳ ನಮ್ಮ ಮನೆಗಳನ್ನು ಮುಂದಿಟ್ಟುಕೊಂಡು ಆ ಲೆಕ್ಕವನ್ನು ಒಮ್ಮೆ ನೋಡೋಣ.

ಮೊದಲೇ ಒಂದು ಮಾತು. ನಮ್ಮ ಕಡೆಗೆ ಕಷ್ಟ ಕೊರೋನದೊಂದಿಗೆ ಬಂದದ್ದಲ್ಲ. ಅದಕ್ಕೆ ಏಳು ತಿಂಗಳ ಹಿಂದೆ, 2019ರ ಆಗಸ್ಟ್‌ನಲ್ಲಿ ಮೃತ್ಯುಂಜಯ ನದಿ ಉಕ್ಕಿ ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆಯ ತೋಟಗಳಿಗೆ ಮರಳು, ಮರದ ದಿಮ್ಮಿ ತಂದು ಹಾಕಿತ್ತು. ಘಾಟಿ ಕುಸಿದು ಘನ ವಾಹನಗಳು ತಿಂಗಳುಗಟ್ಟಲೆ ಬಂದ್ ಆಗಿದ್ದವು. ಹೆದ್ದಾರಿ ಬದಿಯ ಹೋಟೆಲು, ಗ್ಯಾರೇಜು, ಹಣ್ಣಿನ ಅಂಗಡಿಗಳು ಸ್ವಲ್ಪ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಲಾಕ್‌ಡೌನ್ ಬಂತು. ಬಿದ್ದವನ ಮೇಲೆ ಮರ ಬಿದ್ದ ಹಾಗೆ ಆಯಿತು.

ಬೀಡಿಯ ಲೆಕ್ಕ ಯಾರೂ ಬರೆಯಲಿಲ್ಲ

ನಮ್ಮ ಮನೆಗಳ ಆದಾಯ ಎಂದರೆ ಎಲ್ಲರಿಗೂ ಕಣ್ಣಿಗೆ ಬೀಳುವುದು ಗಂಡಸಿನದ್ದು. ಗಲ್ಫ್‌ನಲ್ಲಿ ಇರುವ ಮಗ, ಮೀನಿನ ವ್ಯಾಪಾರದ ಗಂಡ, ರಿಕ್ಷಾ ಓಡಿಸುವ ತಮ್ಮ. ಮನೆಯ ಮೂಲೆಯಲ್ಲಿ ಗೆರಸೆ ತೊಡೆ ಮೇಲೆ ಇಟ್ಟುಕೊಂಡು ಬೀಡಿ ಕಟ್ಟುವ ಉಮ್ಮನದ್ದು 'ಸಣ್ಣ ಖರ್ಚಿಗೆ' ಎಂದು ಹೇಳಿ ಬಿಡುತ್ತೇವೆ. ಲಾಕ್‌ಡೌನ್ ಆ ಮಾತು ಸುಳ್ಳು ಎಂದು ತೋರಿಸಿತು.

ಬೀಡಿಯ ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾದ ಕಾಡುಗಳಿಂದ. ಹೊಗೆಸೊಪ್ಪು ಬರುವುದು ನಿಪ್ಪಾಣಿ, ಗುಜರಾತ್ ಕಡೆಯಿಂದ. ಲಾರಿ ನಿಂತದ್ದೇ ತಡ, ಬ್ರಾಂಚಿನಲ್ಲಿ ಎಲೆ ಇಲ್ಲ, ಕಟ್ಟಿದ ಬೀಡಿ ತೆಗೆದುಕೊಳ್ಳುವವರಿಲ್ಲ. ವಾರಕ್ಕೊಮ್ಮೆ ಕೈಗೆ ಬರುತ್ತಿದ್ದ ಹಣ ನಿಂತು ಹೋಯಿತು. ಆ ಹಣದಲ್ಲಿಯೇ ಹಾಲು, ಮಾತ್ರೆ, ಮಕ್ಕಳ ಫೀಸು, ಸಂಘದ ಕಂತು ನಡೆಯುತ್ತಿತ್ತು ಎಂದು ಎಷ್ಟೋ ಗಂಡಸರಿಗೆ ಗೊತ್ತಾದದ್ದೇ ಆಗ.

ಸರಕಾರ ಏನೂ ಕೊಡಲಿಲ್ಲ ಎಂದು ನಾನು ಹೇಳುವುದಿಲ್ಲ. ರೇಶನ್ ಕಾರ್ಡ್ ಇದ್ದವರಿಗೆ ತಲೆಗೆ 5 ಕೆ.ಜಿ. ಧಾನ್ಯ ಉಚಿತವಾಗಿ ಬಂತು, ಅದು ಮುಂದೆಯೂ ಮುಂದುವರಿಯಿತು. ಜನಧನ್ ಖಾತೆ ಇದ್ದ ಹೆಂಗಸರಿಗೆ ಮೂರು ತಿಂಗಳು ತಲಾ 500 ರೂಪಾಯಿ ಬಂತು. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರು 1,610 ಕೋಟಿ ರೂಪಾಯಿಯ ಪ್ಯಾಕೇಜು ಘೋಷಿಸಿದರು. ಅದರಲ್ಲಿ ರಿಕ್ಷಾ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000 ರೂಪಾಯಿ ಇತ್ತು. ಹೂವು ಬೆಳೆಗಾರರು, ನೇಕಾರರು, ಕಟ್ಟಡ ಕಾರ್ಮಿಕರು ಆ ಪಟ್ಟಿಯಲ್ಲಿ ಇದ್ದರು. ಬೀಡಿ ಕಟ್ಟುವವಳು ಅಲ್ಲಿ ಕಾಣಲಿಲ್ಲ. ಕರಾವಳಿಯ ಲಕ್ಷಾಂತರ ಹೆಂಗಸರ ಕೆಲಸ ಅದು. ಆದರೂ ರಸ್ತೆಯಲ್ಲಿ ಕಾಣದ ಕೆಲಸವಾದ್ದರಿಂದ ಬೆಂಗಳೂರಿಗೂ ಕಾಣಲಿಲ್ಲ.

ಅವರಿಗೆ ಆಗ ಆಸರೆಯಾದದ್ದು ಅವರದೇ ಪಿ.ಎಫ್. ಹಣ. 2020ರ ಮಾರ್ಚ್ ಕೊನೆಗೆ ಕೇಂದ್ರ ಸರಕಾರ ಪಿ.ಎಫ್. ಖಾತೆಯಿಂದ ಮುಂಗಡ ತೆಗೆಯಲು ಅವಕಾಶ ಕೊಟ್ಟಿತು. ಕಂಪೆನಿಯ ಲಾಗ್‌ಬುಕ್‌ನಲ್ಲಿ ಹೆಸರಿದ್ದ ಹೆಂಗಸರು ಹೆಚ್ಚೆಂದರೆ ಮೂರು ತಿಂಗಳ ವೇತನದಷ್ಟು ತೆಗೆದರು. ಬೇರೆಯವರ ಹೆಸರಿನಲ್ಲಿ ಬೀಡಿ ಕೊಡುತ್ತಿದ್ದವರಿಗೆ, ಸೊಸೆ ಕಟ್ಟಿ ಅತ್ತೆಯ ಪುಸ್ತಕಕ್ಕೆ ಬರೆಸುತ್ತಿದ್ದ ಮನೆಗಳಲ್ಲಿ ಆ ಸೊಸೆಗೆ, ಏನೂ ಸಿಗಲಿಲ್ಲ. ಪುಸ್ತಕದಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಆ ತಿಂಗಳುಗಳು ಕಲಿಸಿದವು. ತೆಗೆದವರಿಗೂ ಒಂದು ನಷ್ಟ ಉಂಟು. ಮುದಿ ವಯಸ್ಸಿಗೆಂದು ಕೂಡಿಟ್ಟದ್ದು ಅಕ್ಕಿ ಸಾಮಾನಿಗೆ ಹೋಯಿತು.

ಗಲ್ಫ್: ಕೊನೆಯ ಹಣವನ್ನು ಆದಾಯ ಎಂದುಕೊಂಡೆವು

2020ರ ಏಪ್ರಿಲ್‌ನಲ್ಲಿ ವಿಶ್ವಬ್ಯಾಂಕ್ ಒಂದು ಅಂದಾಜು ಹೇಳಿತ್ತು. ವಿದೇಶದಿಂದ ಭಾರತಕ್ಕೆ ಬರುವ ಹಣ ಆ ವರ್ಷ ಶೇ. 23ರಷ್ಟು ಇಳಿಯಬಹುದು ಎಂದು. ಹಾಗೆ ಆಗಲಿಲ್ಲ. ವರ್ಷದ ಕೊನೆಗೆ ನೋಡಿದರೆ ಬಂದದ್ದು ಸುಮಾರು 83 ಬಿಲಿಯನ್ ಡಾಲರ್, ಹಿಂದಿನ ವರ್ಷಕ್ಕೆ ಹೆಚ್ಚು ಕಡಿಮೆ ಸಮ. ಪತ್ರಿಕೆಗಳಲ್ಲಿ ಇದು ಒಳ್ಳೆಯ ಸುದ್ದಿಯಾಯಿತು.

ನಮ್ಮ ಊರಿನಿಂದ ನೋಡಿದರೆ ಅದರೊಳಗೆ ಬೇರೆ ಕಥೆ ಉಂಟು. ಕೆಲಸ ಹೋದವನು ಬರುವಾಗ ಸರ್ವೀಸ್ ಹಣ, ಚೀಟಿ ಹಣ, ಕೈಯಲ್ಲಿದ್ದ ಉಳಿತಾಯ ಎಲ್ಲವನ್ನೂ ಒಮ್ಮೆಗೆ ತಂದ ಅಥವಾ ಕಳಿಸಿದ. ಬ್ಯಾಂಕಿನ ಪುಸ್ತಕದಲ್ಲಿ ಅದು ಬಂದ ಹಣ ಎಂದೇ ಕಾಣುತ್ತದೆ. ಮನೆಯವರಿಗೆ ಮಾತ್ರ ಗೊತ್ತು, ಅದು ಕೊನೆಯ ಕಂತು. ರಿಸರ್ವ್ ಬ್ಯಾಂಕಿನ ಸಮೀಕ್ಷೆ ಇದನ್ನು ನಂತರ ಹೇಳಿತು. 2016-17ರಲ್ಲಿ ಭಾರತಕ್ಕೆ ಬರುತ್ತಿದ್ದ ವಿದೇಶಿ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಗಲ್ಫ್ ದೇಶಗಳದ್ದು. 2020-21ಕ್ಕೆ ಅದು ಸುಮಾರು ಶೇ. 30ಕ್ಕೆ ಇಳಿಯಿತು. ಅಮೆರಿಕ ಯುಎಇಯನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಅಂದರೆ ಕಂಪ್ಯೂಟರ್ ಇಂಜಿನಿಯರ್‌ಗಳ ಮನೆಗೆ ಹಣ ಹೆಚ್ಚಿತು, ಬೂಫಿಯಾದಲ್ಲಿ ಚಹಾ ಮಾಡುವವನ ಮನೆಗೆ ಕಡಿಮೆಯಾಯಿತು. ದೇಶದ ಒಟ್ಟು ಲೆಕ್ಕ ಸರಿ ಇತ್ತು, ನಮ್ಮ ಮೊಹಲ್ಲಾದ ಲೆಕ್ಕ ತಪ್ಪಿತ್ತು.

ಇದನ್ನೆಲ್ಲ ಕೊರೋನ ಒಂದೇ ಮಾಡಿತು ಎಂದರೂ ತಪ್ಪು. ಸೌದಿಯಲ್ಲಿ ನಿತಾಖತ್, 2017ರಿಂದ ಕುಟುಂಬದ ಮೇಲೆ ತಲೆಗೆ ಇಷ್ಟು ಎಂಬ ಶುಲ್ಕ, ತೈಲ ಬೆಲೆಯ ಕುಸಿತ ಇವು ಮೊದಲೇ ಬಾಗಿಲು ಅರ್ಧ ಮುಚ್ಚಿದ್ದವು. ಹೋಗುವವರ ಸಂಖ್ಯೆ ಈಗ ಮತ್ತೆ ಹೆಚ್ಚಾಗಿದೆ, ನಿಜ. ಆದರೆ ಮೊದಲಿನ ಹಾಗೆ ಹದಿನೈದು ಇಪ್ಪತ್ತು ವರ್ಷ ಒಂದೇ ಕಡೆ ನಿಂತು ಮನೆ ಕಟ್ಟುವ ಕಾಲ ಅದಲ್ಲ.

ದುಬೈಯಿಂದ ಮಂಗಳೂರಿಗೆ ವಂದೇ ಭಾರತ್ ಯೋಜನೆಯ ಮೊದಲ ವಿಮಾನ ಬಂದದ್ದು 2020ರ ಮೇ 12ರ ರಾತ್ರಿ. ಗರ್ಭಿಣಿಯರು, ರೋಗಿಗಳು, ಕೆಲಸ ಹೋದವರು ಅದರಲ್ಲಿ ಇದ್ದರು. ನಂತರ ಅನಿವಾಸಿ ಕನ್ನಡಿಗರ ಸಂಘಟನೆಗಳು ಸೇರಿ ಚಾರ್ಟರ್ಡ್ ವಿಮಾನಗಳನ್ನು ಮಾಡಿದವು. ಅಷ್ಟು ದೊಡ್ಡ ಕೆಲಸ ಮಾಡಿದ ಅವರನ್ನು ನೆನೆಯಲೇಬೇಕು. ಆದರೆ ಬಂದವರಿಗೆ ಇಲ್ಲಿ ಏನು ಎಂದು ಸರಕಾರವೂ ಯೋಚಿಸಲಿಲ್ಲ, ನಾವೂ ಯೋಚಿಸಲಿಲ್ಲ.

ನನ್ನ ಮದ್ರಸದ ಒಬ್ಬ ಹುಡುಗನ ತಂದೆ ಜಿದ್ದಾದಲ್ಲಿ ಹದಿನೇಳು ವರ್ಷ ಇದ್ದವರು. 2020ರ ಫೆಬ್ರವರಿಯಲ್ಲಿ ರಜೆಗೆ ಬಂದಿದ್ದರು. ವಿಮಾನ ನಿಂತಿತು. ಮುಂದಿನ ವರ್ಷ ಹೊರಡೋಣ ಎನ್ನುವಾಗ ಎರಡನೇ ಅಲೆ. ಆಗ ಭಾರತದಿಂದ ನೇರ ಹೋಗುವಂತಿಲ್ಲ, ಬೇರೆ ದೇಶದಲ್ಲಿ ಹದಿನಾಲ್ಕು ದಿನ ಕಳೆಯಬೇಕು. ಹಾಕಿಸಿಕೊಂಡದ್ದು ಕೊವ್ಯಾಕ್ಸಿನ್ ಆದರೆ ಸೌದಿ ಒಪ್ಪುವುದಿಲ್ಲ, ಕೋವಿಶೀಲ್ಡ್ ಬೇಕು. ಅದರ ಎರಡನೇ ಡೋಸಿಗೆ 84 ದಿನ ಕಾಯಬೇಕಿತ್ತು. ವಿದೇಶಕ್ಕೆ ಹೋಗುವವರಿಗೆ 28 ದಿನ ಸಾಕು ಎಂದು ನಿಯಮ ಬಂದದ್ದು 2021ರ ಜೂನ್‌ನಲ್ಲಿ. ಅಷ್ಟರಲ್ಲಿ ಅವರ ಕಫೀಲ್ ಬೇರೆ ಜನ ಇಟ್ಟುಕೊಂಡಾಗಿತ್ತು. 'ಉಸ್ತಾದರೇ, ನನಗೆ ಕೊರೋನ ಬರಲೇ ಇಲ್ಲ. ಆದರೂ ಎಲ್ಲ ತೆಗೆದುಕೊಂಡು ಹೋಯಿತು' ಎಂದು ಒಮ್ಮೆ ಹೇಳಿದರು. ಈಗ ಗೂಡ್ಸ್ ಟೆಂಪೋದಲ್ಲಿ ತರಕಾರಿ ಮಾರುತ್ತಾರೆ. ಟೆಂಪೋದ ಸಾಲ ಇನ್ನೂ ಉಂಟು.

ಅಡಿಕೆ ಏರಿತು, ಆದರೆ ಯಾರಿಗೆ?

2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಆರ್ಥಿಕತೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 24 ಕುಗ್ಗಿತು. ಕೃಷಿ ಮಾತ್ರ ಶೇ. 3.4 ಬೆಳೆಯಿತು. ನಮ್ಮ ತಾಲೂಕಿನಲ್ಲಿ ಇದರ ಅರ್ಥ ಅಡಿಕೆ. ಗಡಿಗಳು ಮುಚ್ಚಿ ಹೊರಗಿನ ಅಡಿಕೆ ಬರುವುದು ಕಡಿಮೆಯಾದದ್ದೇ ನಮ್ಮ ಚಾಲಿ ಅಡಿಕೆಗೆ ದರ ಬಂತು. ಮೊದಲ ವಾರಗಳಲ್ಲಿ ಕ್ಯಾಂಪ್ಕೋ ಖರೀದಿ ಕೂಡ ನಿಂತು ಬೆಳೆಗಾರರು ಹೆದರಿದ್ದರು. ಆದರೆ ವರ್ಷ ಮುಗಿಯುವುದರೊಳಗೆ ದರ ಏರುತ್ತಾ ಹೋಗಿ, 2021ರಲ್ಲಿ ಹಳೆ ಅಡಿಕೆ ಕಿಲೋಗೆ ಐನೂರರ ಗಡಿ ತಟ್ಟಿತು.

ಹಾಗಾಗಿ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ, ಒಂದು ಮನೆಗೆ ಹೊಸ ಕಾರು ಬಂತು, ಪಕ್ಕದ ಮನೆಯ ಬಂಗಾರ ಬ್ಯಾಂಕಿಗೆ ಹೋಯಿತು. ತೋಟ ಇದ್ದವನು ಉಳಿದ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ ಕೂಲಿಯನ್ನೋ ಗಲ್ಫನ್ನೋ ನಂಬಿದವನು ಕುಸಿದ. ನಮ್ಮ ಸಮುದಾಯದಲ್ಲಿ ಹೆಚ್ಚಿನವರು ಎರಡನೇ ಸಾಲಿನವರು. ಅಡಿಕೆ ವ್ಯಾಪಾರ ಮಾಡುವ ನಮ್ಮವರು ಇದ್ದಾರೆ, ಅಡಿಕೆ ಬೆಳೆಯುವ ನಮ್ಮವರು ಕಡಿಮೆ.

ನಾನೂ ಆ ಅಡಿಕೆಯಿಂದಲೇ ಬದುಕಿದೆ ಎಂದು ಹೇಳಲು ನಾಚಿಕೆ ಇಲ್ಲ. ಮದ್ರಸ ಮುಚ್ಚಿತ್ತು. ಮನೆಗಳಿಂದ ತಿಂಗಳ ವಂತಿಗೆ ಬರದಿದ್ದರೆ ಕಮಿಟಿಯವರಾದರೂ ಎಲ್ಲಿಂದ ಕೊಡುತ್ತಾರೆ? ಸಂಬಳ ಅರ್ಧವಾಯಿತು, ಎರಡು ತಿಂಗಳು ಅದೂ ಇಲ್ಲ. ಆಗ ನಮ್ಮ ಆಚೆ ಮನೆಯ ಭಟ್ಟರು, 'ಸಂಜೆ ಹೊತ್ತು ಅಡಿಕೆ ಸುಲಿಯಲು ಬನ್ನಿ, ನಿಮಗೂ ಆಯಿತು, ನನಗೂ ಜನ ಸಿಕ್ಕಿದ ಹಾಗೆ ಆಯಿತು' ಎಂದು ಕರೆದರು. ಮೊದಲ ಎರಡು ದಿನ ಕೈ ಬೊಬ್ಬೆ ಬಂತು, ಆಮೇಲೆ ರೂಢಿಯಾಯಿತು. ಮಕ್ಕಳಿಗೆ ಅಲಿಫ್ ಬಾ ಕಲಿಸುವ ಕೈ ಅಡಿಕೆ ಸುಲಿದರೆ ಕಡಿಮೆಯಾಗುವುದಿಲ್ಲ. ಆದರೆ ಆ ದಿನಗಳಲ್ಲಿಯೇ ಹೊರಗೆ ಏನು ನಡೆಯುತ್ತಿತ್ತು ಎಂದು ನೆನೆದರೆ ಆ ಕರೆಯ ಬೆಲೆ ನನಗೆ ಇನ್ನೂ ಹೆಚ್ಚಾಗಿ ಕಾಣುತ್ತದೆ.

ರೋಗಕ್ಕೂ ಒಂದು ಹೆಸರು ಕೊಟ್ಟರು

ಮಾರ್ಚ್ ಕೊನೆಗೆ ದಿಲ್ಲಿಯ ನಿಝಾಮುದ್ದೀನ್ ಸುದ್ದಿ ಬಂತು. ಅಲ್ಲಿ ಅಷ್ಟು ಜನ ಸೇರಿದ್ದು ಮುಂಜಾಗ್ರತೆಯ ದೃಷ್ಟಿಯಿಂದ ಸರಿಯಿರಲಿಲ್ಲ ಎಂದು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಟಿವಿಯವರು ಹೇಳಿದ್ದು ಅಷ್ಟಕ್ಕೆ ನಿಲ್ಲಲಿಲ್ಲ. ಒಂದು ವಾರದಲ್ಲಿ ವೈರಸ್ಸಿಗೂ ಟೋಪಿ ಗಡ್ಡ ಬಂತು. ಕರಾವಳಿಯ ಕೆಲವು ಕಡೆ ಮುಸ್ಲಿಂ ವ್ಯಾಪಾರಿಗಳು ಒಳಗೆ ಬರಬಾರದು ಎಂಬ ಫಲಕಗಳು ಎದ್ದವು. ಬೈಕಿನಲ್ಲಿ ಮೀನು ಮಾರುವವರು, ಹಣ್ಣಿನ ಗಾಡಿಯವರು, ಇಪ್ಪತ್ತು ವರ್ಷ ಹೋಗುತ್ತಿದ್ದ ಓಣಿಗೆ ಹೋಗಲು ಹೆದರಿದರು. ಆಗ ಮುಖ್ಯಮಂತ್ರಿ ಯಡಿಯೂರಪ್ಪ ಅವರು ಮುಸ್ಲಿಮರ ವಿರುದ್ಧ ಯಾರೂ ಒಂದು ಶಬ್ದ ಮಾತನಾಡಬಾರದು, ಮಾತನಾಡಿದರೆ ಕ್ರಮ ಎಂದು ಬಹಿರಂಗವಾಗಿ ಹೇಳಿದರು. ಅದನ್ನು ನಾವು ಮರೆಯಬಾರದು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದ ಹಾಗೆ ಕಾಣುತ್ತದೆ ಎಂದಿತು. ಆದರೆ ತೀರ್ಪು ಬರುವಾಗ ಟಿವಿ ಬೇರೆ ಸುದ್ದಿಗೆ ಹೋಗಿತ್ತು.

2021ರ ಮೇಯಲ್ಲಿ ಮತ್ತೆ ಅದೇ. ಬೆಂಗಳೂರಿನಲ್ಲಿ ಹಾಸಿಗೆ ಹಂಚಿಕೆಯ ಅಕ್ರಮದ ಬಗ್ಗೆ ಮಾತಾಡಲು ಹೋದ ಸಂಸದರೊಬ್ಬರು ವಾರ್ ರೂಮಿನ ಸಿಬ್ಬಂದಿಯಲ್ಲಿ 17 ಮುಸ್ಲಿಂ ಯುವಕರ ಹೆಸರನ್ನು ಮಾತ್ರ ಓದಿದರು. ಅದಕ್ಕೆ ಎರಡು ದಿನ ಹಿಂದೆ ಚಾಮರಾಜನಗರದಲ್ಲಿ 24 ಜನ ಸತ್ತಿದ್ದರು, ಆಮ್ಲಜನಕ ಸಿಗದೆ ಎಂದು ಇಡೀ ರಾಜ್ಯ ಕೇಳುತ್ತಿತ್ತು. ಕೇಳಬೇಕಾದ ಪ್ರಶ್ನೆ ಅದಾಗಿತ್ತು.

ಹೆದರಿಕೆ ಎಲ್ಲ ಕಡೆ ಮನುಷ್ಯರನ್ನು ಕುರುಡು ಮಾಡುತ್ತದೆ. ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳನ್ನು ತಡೆದರು. ಹಲವರು ದಾರಿಯಲ್ಲಿ ತೀರಿಹೋದರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಮಧ್ಯೆ ಬರಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಬಂಟ್ವಾಳದ ಒಬ್ಬ ವೃದ್ಧೆ ಕೊರೋನದಿಂದ ತೀರಿಕೊಂಡಾಗ ಮಂಗಳೂರಿನಲ್ಲಿ ಶವ ಸಂಸ್ಕಾರಕ್ಕೆ ಸ್ಥಳೀಯರು ಬಿಡದೆ, ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ ರಾತ್ರಿ ಮಾಡಬೇಕಾಯಿತು. ಆ ತಾಯಿ ಹಿಂದೂ ಧರ್ಮದವರು, ತಡೆದವರೂ ಹಿಂದೂಗಳು. ಹಾಗಾಗಿ ಎಲ್ಲವನ್ನೂ ಒಂದೇ ಕನ್ನಡಕದಿಂದ ನೋಡಬೇಡಿ ಎಂದು ನಮ್ಮ ಯುವಕರಿಗೆ ಹೇಳುತ್ತೇನೆ. ನಮ್ಮಲ್ಲಿಯೂ ಲಸಿಕೆ ಹಾಕಿದರೆ ಮಕ್ಕಳಾಗುವುದಿಲ್ಲ ಎಂಬ ವಾಟ್ಸಪ್ ಸುದ್ದಿ ಹಂಚಿದವರು ಕಡಿಮೆ ಇರಲಿಲ್ಲ. ಜಾತಿ ನೋಡದೆ ಮಯ್ಯಿತ್‌ಗಳನ್ನೂ ಶವಗಳನ್ನೂ ಹೊತ್ತ ಹುಡುಗರೂ ನಮ್ಮಲ್ಲಿಯೇ ಇದ್ದರು.

ಸೇರಲು ಆಗದ ಕಾಲದಲ್ಲಿ ಬಂದ ಕಾನೂನುಗಳು

ರಾಜಕೀಯದಲ್ಲಿ ಆದ ದೊಡ್ಡ ಬದಲಾವಣೆ ಇಷ್ಟು ಸದ್ದು ಮಾಡಲಿಲ್ಲ. ಜನ ಸೇರುವಂತಿಲ್ಲದ ತಿಂಗಳುಗಳಲ್ಲಿಯೇ ಎಪಿಎಂಸಿ ತಿದ್ದುಪಡಿ, ಭೂ ಸುಧಾರಣೆ ತಿದ್ದುಪಡಿ ಸುಗ್ರೀವಾಜ್ಞೆಯಾಗಿ ಬಂದವು. ಕೇಂದ್ರದ ಮೂರು ಕೃಷಿ ಸುಗ್ರೀವಾಜ್ಞೆಗಳು 2020ರ ಜೂನ್‌ನಲ್ಲಿ ಬಂದವು. 2021ರ ಜನವರಿಯಲ್ಲಿ ಗೋಹತ್ಯೆ ನಿಷೇಧದ ಸುಗ್ರೀವಾಜ್ಞೆ ಜಾರಿಯಾಯಿತು. ಜಾನುವಾರು ವ್ಯಾಪಾರ ಮಾಡುತ್ತಿದ್ದವರ ಜೊತೆಗೆ, ಮುದಿ ದನ ಮಾರಿ ಹೊಸ ದನ ಕೊಳ್ಳುತ್ತಿದ್ದ ಸಣ್ಣ ಹೈನುಗಾರನ ಲೆಕ್ಕವೂ ತಪ್ಪಿತು. ಈ ಕಾನೂನುಗಳು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಚರ್ಚೆಯೇ ಆಗದ ಹೊತ್ತಿನಲ್ಲಿ ಬಂದವು ಎಂಬುದು ನನ್ನ ಮಾತು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಗ್ರಾಮ ಪಂಚಾಯತ್ ಚುನಾವಣೆ ತಡವಾಗಿಯಾದರೂ 2020ರ ಡಿಸೆಂಬರ್ 22 ಮತ್ತು 27ರಂದು ನಡೆಯಿತು. ತಾಲೂಕು, ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿಯಿತು. ಮೊದಲು ಕೊರೋನ ಎಂದರು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದರು. ಸರಕಾರ ಬದಲಾದರೂ ಚುನಾವಣೆ ಆಗಲಿಲ್ಲ. 2021ರಿಂದ ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿದರು. ಅಂಗನವಾಡಿ, ಶಾಲೆಯ ಕೋಣೆ, ಕುಡಿಯುವ ನೀರು ಕೇಳಲು ನಮ್ಮ ಊರಿನ ಸದಸ್ಯ ಎಂದು ಹೇಳಿ ಹಿಡಿಯಲು ಒಬ್ಬರಿಲ್ಲ. 2021ರ ಜನಗಣತಿಯೂ ಆ ವರ್ಷ ಆಗಲಿಲ್ಲ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದದ್ದು ಈಗ ಮೊದಲ ಬಾರಿ ತಪ್ಪಿದೆ. ದೇಶದಲ್ಲಿ ಎಷ್ಟು ಜನರಿಗೆ ರೇಶನ್ ಎಂಬುದು ಇಂದಿಗೂ 2011ರ ತಲೆ ಲೆಕ್ಕದಲ್ಲಿಯೇ ಉಂಟು.

ಅದೇ ಹೊತ್ತಿಗೆ, ಉಚಿತ ಅಕ್ಕಿ ಮತ್ತು ಖಾತೆಗೆ ಹಣ ಎಂಬ ಕೊರೋನ ಕಾಲದ ವ್ಯವಸ್ಥೆ ರಾಜಕೀಯದ ಮುಖ್ಯ ಭಾಷೆಯಾಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಗ್ಯಾರಂಟಿಗಳು ಅಷ್ಟು ಕೇಳಿಸಿದ್ದಕ್ಕೆ ಇದು ಒಂದು ಕಾರಣ. ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಆದರೆ ನಮ್ಮ ಜಿಲ್ಲೆಯ 8ರಲ್ಲಿ 6 ಬಿಜೆಪಿಗೇ ಹೋಯಿತು, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಮೂರೂ ಅದರಲ್ಲಿ ಸೇರಿದವು. ಹೊಟ್ಟೆಯ ಪ್ರಶ್ನೆ ಎಲ್ಲ ಕಡೆ ಒಂದೇ ಆದರೂ ಮತದ ಪ್ರಶ್ನೆ ಕರಾವಳಿಯಲ್ಲಿ ಬೇರೆ ಎಂದು ಆ ಫಲಿತಾಂಶ ಹೇಳಿತು.

ಸಾಲ ಮತ್ತು ಮಕ್ಕಳು

ಲಾಕ್‌ಡೌನ್‌ನಲ್ಲಿ ಕಂತು ಕಟ್ಟುವುದು ಬೇಡ ಎಂದು ಆರು ತಿಂಗಳು ವಿನಾಯಿತಿ ಸಿಕ್ಕಿತು. ಬಡ್ಡಿ ಮಾತ್ರ ನಿಂತಿರಲಿಲ್ಲ. ಬಂಗಾರದ ಬೆಲೆಯ ಶೇ. 90ರವರೆಗೆ ಸಾಲ ಕೊಡಲು ರಿಸರ್ವ್ ಬ್ಯಾಂಕ್ ಬಿಟ್ಟಿತು. ಮದುವೆಗೆಂದು ಕೂಡಿಟ್ಟ ಪವನು ಹಾಗೆ ಹೋಯಿತು. ಆಮೇಲೆ ಅದನ್ನು ಬಿಡಿಸಲು ಒಂದು ಸಂಘದಲ್ಲಿ ಸಾಲ, ಅದರ ಕಂತಿಗೆ ಇನ್ನೊಂದು ಫೈನಾನ್ಸ್. 2025ರ ಫೆಬ್ರವರಿಯಲ್ಲಿ ಸರಕಾರ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು, ಒಳ್ಳೆಯದು. ಆದರೆ ಈ ಸಾಲಗಳ ಬೇರು ಎಷ್ಟೋ ಮನೆಗಳಲ್ಲಿ 2020ರಲ್ಲಿ ಉಂಟು.

ಮಕ್ಕಳ ವಿಷಯ ನನಗೆ ಹೆಚ್ಚು ನೋವು ಕೊಡುವಂಥದ್ದು. ಆನ್‌ಲೈನ್ ಮದ್ರಸ, ಆನ್‌ಲೈನ್ ಶಾಲೆ ಎಂದು ಮೊಬೈಲು ಹಿಡಿದು ಗುಡ್ಡ ಹತ್ತಿದ ಮಕ್ಕಳು ನಮ್ಮವರು. ಮನೆಗೆ ಒಂದು ಮೊಬೈಲು, ಮೂರು ಮಕ್ಕಳು. ಆಗ ಒಂದನೇ ಎರಡನೇ ಕ್ಲಾಸಿನಲ್ಲಿದ್ದವರು ಈಗ ಆರು ಏಳರಲ್ಲಿ ಇದ್ದಾರೆ. ಕೆಲವರು ಕನ್ನಡವನ್ನೂ ತಡೆದು ತಡೆದು ಓದುತ್ತಾರೆ, ಅರಬಿಯನ್ನೂ ಹಾಗೆಯೇ. ದೊಡ್ಡ ಹುಡುಗರಲ್ಲಿ ಕೆಲವರು ಆಗ ಮೀನಿನ ಲೈನಿಗೆ, ಸೂಪರ್ ಮಾರ್ಕೆಟ್‌ಗೆ ಹೋದವರು ಶಾಲೆಗೆ ಮರಳಲೇ ಇಲ್ಲ.

ಈಗ ನಾವೇನು ಮಾಡಬಹುದು

ಅಂದು ನಾವು ಕಿಟ್ ಹಂಚಿದೆವು. ಆದರೆ ಯಾರ ಮನೆಯಲ್ಲಿ ಏನು ಹೋಯಿತು ಎಂದು ಬರೆದಿಡಲಿಲ್ಲ. ಕಿಟ್ ಕೊಡುವ ಫೋಟೋಗಳು ಮಾತ್ರ ಉಳಿದವು, ಪಡೆದುಕೊಂಡವರ ತಗ್ಗಿದ ತಲೆಯೊಂದಿಗೆ. ಇನ್ನೊಂದು ಇಂಥ ಕಾಲ ಬರುವ ಮೊದಲು ಪ್ರತಿ ಜಮಾಅತ್‌ನಲ್ಲಿ ಒಂದು ಪುಸ್ತಕ ಬೇಕು. ಮನೆಯ ಹೆಂಗಸರ ಕೆಲಸ ಏನು, ಬೀಡಿ ಲಾಗ್‌ಬುಕ್ ಯಾರ ಹೆಸರಿನಲ್ಲಿ, ಪಿ.ಎಫ್. ನಾಮಿನಿ ಬರೆದಿದೆಯಾ, ಇ-ಶ್ರಮ್ ಕಾರ್ಡ್ ಉಂಟಾ, ಗಲ್ಫ್‌ನಿಂದ ಬಂದವನಿಗೆ ಯಾವ ಕೈ ಕೆಲಸ ಗೊತ್ತು, ಶಾಲೆ ಬಿಟ್ಟ ಮಗು ಯಾರು. ಬೀಡಿ ಕಾರ್ಮಿಕರ ಗುರುತು ಚೀಟಿ ಇದ್ದರೆ ಮಕ್ಕಳಿಗೆ ತರಗತಿಗೆ ತಕ್ಕ ಹಾಗೆ 1,000ದಿಂದ 25,000 ರೂಪಾಯಿವರೆಗೆ ಕೇಂದ್ರದ ವಿದ್ಯಾರ್ಥಿವೇತನ ಉಂಟು. ಚೀಟಿ ಮಾಡಿಸದೆ ಎಷ್ಟು ಮಕ್ಕಳದ್ದು ಹೋಗುತ್ತಿದೆ!

ಮದುವೆಯ ಮಾತೂ ಹೇಳಬೇಕು. 2020ರಲ್ಲಿ 50 ಜನರನ್ನು ಕರೆದು ಮದುವೆ ಮಾಡಿದೆವು. ನಿಕಾಹ್ ಸರಿಯಾಗಿಯೇ ನಡೆಯಿತು, ಮರ್ಯಾದೆ ಹೋಗಲಿಲ್ಲ, ಹಲವು ತಂದೆಯರ ಮನೆ ಜಾಗ ಉಳಿಯಿತು. ಎರಡೇ ವರ್ಷದಲ್ಲಿ ಮತ್ತೆ ಹಾಲ್, ಸ್ಟೇಜು, ಸಾವಿರ ಜನರ ಊಟ. ಸರಕಾರದ ಆದೇಶಕ್ಕೆ ಹೆದರಿ ಮಾಡಿದ್ದನ್ನು ನಮ್ಮ ಬುದ್ಧಿಯಿಂದ ಮಾಡಲು ಆಗುವುದಿಲ್ಲವಾ?

ತಾಲೂಕು, ಜಿಲ್ಲಾ ಪಂಚಾಯತ್ ಚುನಾವಣೆ ಮಾಡಿ ಎಂದು ಪಕ್ಷ ನೋಡದೆ ಕೇಳುವುದೂ ನಮ್ಮ ಕೆಲಸ. ಗ್ರಾಮಸಭೆಗೆ ನಮ್ಮ ಗಂಡಸರೇ ಸರಿಯಾಗಿ ಹೋಗುವುದಿಲ್ಲ, ಹೆಂಗಸರನ್ನಂತೂ ಕಳಿಸುವುದೇ ಇಲ್ಲ. ಬೀಡಿ ಕಟ್ಟುವವಳು ಸಭೆಯಲ್ಲಿ ಎದ್ದು ನಿಂತು ತನ್ನ ಕೆಲಸದ ಹೆಸರು ಹೇಳದಿದ್ದರೆ ಮುಂದಿನ ಪಟ್ಟಿಯಲ್ಲಿಯೂ ಅವಳ ಹೆಸರು ಇರುವುದಿಲ್ಲ.

ಮೊನ್ನೆ ಅಸರ್ ಮುಗಿಸಿ ಬರುವಾಗ ಭಟ್ಟರು ಅಂಗಳದಲ್ಲಿ ಅಡಿಕೆ ರಾಶಿಯ ಪಕ್ಕ ಕೂತಿದ್ದರು. 'ಈ ವರ್ಷ ಎಲೆಚುಕ್ಕಿ ರೋಗ, ಫಸಲು ಎಂತದ್ದೂ ಇಲ್ಲ ಮಾರಾಯ್ರೆ' ಎಂದರು. ಅವರ ಒಳ್ಳೆಯ ಕಾಲವೂ ಮುಗಿಯುತ್ತಾ ಬಂದಿದೆ. 'ಸುಲಿಯಲಿಕ್ಕೆ ಜನ ಬೇಕಾದರೆ ಹೇಳಿ' ಎಂದೆ. ನಕ್ಕರು. ಸಾಲ ತೀರಿಸಲು ನಮಗೆ ಇನ್ನೂ ಕೆಲವು ವರ್ಷ ಬೇಕು. ನೆರೆಮನೆಯ ಬಾಗಿಲು ಅಷ್ಟರವರೆಗೆ ತೆರೆದೇ ಇರಬೇಕು, ಎರಡೂ ಕಡೆಯಿಂದ.